ಓಬರ್ನ್‌ಡಾರ್ಫಿನ ಬಂದೂಕು, ಎಶ್‌ಬೋರ್ನಿನ ಮೊಹರು: ಜರ್ಮನಿಯ ಕನ್ನಡ ಬಳಗಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಕನ್ನಡಿಗರೇ,

ಸ್ಟುಟ್‌ಗಾರ್ಟ್, ಮ್ಯೂನಿಕ್, ಫ್ರಾಂಕ್‌ಫರ್ಟ್, ಬರ್ಲಿನ್, ಹ್ಯಾಂಬರ್ಗ್ ಎಂದು ಎಲ್ಲೆಲ್ಲಿ ಹತ್ತು ಮನೆ ಸೇರಿ ಸಂಘ ಕಟ್ಟಿಕೊಂಡಿದ್ದೀರೋ ಅಲ್ಲಲ್ಲಿನ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ನಮಸ್ಕಾರ. ಈ ಪತ್ರ ರಾಜ್ಯೋತ್ಸವದ ಚಂದಾ ಕೇಳುವುದಕ್ಕಲ್ಲ, ಕನ್ನಡ ತರಗತಿಗೆ ಮಕ್ಕಳನ್ನು ಕಳಿಸಿ ಎನ್ನುವುದಕ್ಕೂ ಅಲ್ಲ. ನಮ್ಮ ಕೂಟಗಳಲ್ಲಿ ಬಿಸಿಬೇಳೆಬಾತ್ ಬಡಿಸುವಾಗ ಮನೆ ಬಾಡಿಗೆ, ಬ್ಲೂ ಕಾರ್ಡ್, ಕಿಂಡರ್‌ಗಾರ್ಟನ್ ಸೀಟು ಎಲ್ಲವೂ ಮಾತಿಗೆ ಬರುತ್ತವೆ, ಬಂದೂಕು ಬರುವುದಿಲ್ಲ. ಈ ಸಲ ನಾನು ಅದರ ಮಾತೆತ್ತುತ್ತಿದ್ದೇನೆ. ನಮಗೂ ಅದಕ್ಕೂ ಏನು ಸಂಬಂಧ ಎಂದು ಪತ್ರ ಮಡಿಚಿಡಬೇಡಿ. ಸಂಬಂಧ ಇದೆ, ಅಲ್ಲಿಗೇ ಬರುತ್ತೇನೆ.

ಅಕ್ರಮ ಶಸ್ತ್ರಾಸ್ತ್ರ ವ್ಯಾಪಾರ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಕತ್ತಲು, ದೋಣಿ, ದಡದಲ್ಲಿ ಟಾರ್ಚ್ ಹಿಡಿದು ನಿಂತವರು. ಪತ್ರಿಕೆ ಓದುವ ಅಭ್ಯಾಸವಿದ್ದ ಮನೆಗಳಲ್ಲಿ ಬೆಳೆದವರಿಗೆ 1995ರ ಡಿಸೆಂಬರ್ ನೆನಪಿರಬಹುದು. ಬಂಗಾಳದ ಪುರುಲಿಯಾದಲ್ಲಿ ಒಂದು ರಾತ್ರಿ ವಿಮಾನದಿಂದ ಎಕೆ-47ಗಳು ಪ್ಯಾರಾಚೂಟಿನಲ್ಲಿ ಇಳಿದವು. ಅದರ ಮುಖ್ಯ ಆರೋಪಿಯನ್ನು ಡೆನ್ಮಾರ್ಕ್ ಇಂದಿಗೂ ನಮಗೆ ಒಪ್ಪಿಸಿಲ್ಲ. 2024ರಲ್ಲೂ ಅಲ್ಲಿನ ನ್ಯಾಯಾಲಯ ಆಗದು ಎಂದಿತು. ಈ ಸಿನಿಮಾ ಚಿತ್ರ ಸುಳ್ಳೇನಲ್ಲ. ಆದರೆ ಕಳೆದ ಹತ್ತು ವರ್ಷಗಳಲ್ಲಿ ಜರ್ಮನಿಯ ನ್ಯಾಯಾಲಯಗಳ ಮುಂದೆ ಬಂದ ಎರಡು ದೊಡ್ಡ ಪ್ರಕರಣಗಳಲ್ಲಿ ಕತ್ತಲೂ ಇಲ್ಲ, ದೋಣಿಯೂ ಇಲ್ಲ. ಇದ್ದದ್ದು ಲೆಟರ್‌ಹೆಡ್ಡು, ಸಹಿ, ಮೊಹರು, ಇ-ಮೇಲು. ಎಲ್ಲ ನಡೆದದ್ದು ಕಚೇರಿಯ ವೇಳೆಯಲ್ಲಿ.

ಸ್ಟುಟ್‌ಗಾರ್ಟಿನವರು ಒಂದು ಶನಿವಾರ ಸಿಂಗನ್ ಕಡೆಗೆ ಹೋಗುವ ರೈಲು ಹತ್ತಿ ನೋಡಿ. ಹೋರ್ಬ್, ಸುಲ್ಸ್ ದಾಟಿ, ರೋಟ್‌ವೈಲ್‌ಗೆ ಮುಂಚೆ ಓಬರ್ನ್‌ಡಾರ್ಫ್ ಎಂಬ ನಿಲ್ದಾಣ ಸಿಗುತ್ತದೆ. ನೆಕರ್ ನದಿಯ ಇಕ್ಕಟ್ಟಾದ ಕಣಿವೆಯಲ್ಲಿ ಕೂತ ಸಣ್ಣ ಊರು. 1811ರಲ್ಲಿ ವ್ಯೂರ್ಟೆಂಬರ್ಗಿನ ದೊರೆ ಇಲ್ಲಿನ ಅಗಸ್ಟಿನಿಯನ್ ಸನ್ಯಾಸಿಗಳ ಮಠದಲ್ಲಿ ಬಂದೂಕು ಕಾರ್ಖಾನೆ ಕೂರಿಸಿದ. ಅದೇ ಊರಿನ ಮೌಸರ್ ಸಹೋದರರು ಮುಂದೆ ಅದನ್ನು ಲೋಕಪ್ರಸಿದ್ಧ ಮಾಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಫ್ರೆಂಚರು ಯಂತ್ರಗಳನ್ನು ಕಿತ್ತುಕೊಂಡು ಹೋದರು. ಕೆಲಸ ಕಳೆದುಕೊಂಡ ಮೌಸರ್ ಎಂಜಿನಿಯರುಗಳಲ್ಲಿ ಮೂವರು ಸೇರಿ 1949ರಲ್ಲಿ ಹೊಸ ಕಂಪನಿ ತೆರೆದರು. ಅದೇ ಹೆಕ್ಲರ್ ಅಂಡ್ ಕಾಖ್. ಮೊದಮೊದಲು ಹೊಲಿಗೆ ಯಂತ್ರದ ಬಿಡಿಭಾಗ ಮಾಡುತ್ತಿದ್ದವರು ಹತ್ತು ವರ್ಷದಲ್ಲಿ ಜರ್ಮನ್ ಸೇನೆಗೆ ಜಿ3 ರೈಫಲ್ ಕೊಟ್ಟರು, 1990ರ ದಶಕದಲ್ಲಿ ಜಿ36 ಕೊಟ್ಟರು. ಊರಿನಲ್ಲಿ ಶಸ್ತ್ರಾಸ್ತ್ರಗಳ ಮ್ಯೂಸಿಯಂ ಇದೆ, ಹೋಗಿ ಬನ್ನಿ. ಗಾಜಿನ ಹಿಂದೆ ಬಂದೂಕುಗಳು ತಾಂತ್ರಿಕ ವಿವರಗಳೊಂದಿಗೆ ಸಾಲಾಗಿ ನಿಂತಿವೆ. ಎಂಜಿನಿಯರ್ ಆದವನಿಗೆ ಮೆಚ್ಚುಗೆಯೇ ಆಗುತ್ತದೆ, ಅದು ಬೇರೆ ಮಾತು.

ಈ ಕಂಪನಿ 2006ರಿಂದ 2009ರವರೆಗೆ ಮೆಕ್ಸಿಕೋಗೆ ಜಿ36 ರೈಫಲ್ ಮಾರಿತು. ಮೆಕ್ಸಿಕೋದ ಅಧ್ಯಕ್ಷ ಫೆಲಿಪೆ ಕಾಲ್ಡೆರಾನ್ ಮಾದಕವಸ್ತು ಗುಂಪುಗಳ ಮೇಲೆ ಸೇನೆ ಬಿಟ್ಟ ಕಾಲ ಅದು. ಪೊಲೀಸರು ಯಾರು, ಗೂಂಡಾಗಳು ಯಾರು ಎಂದು ಬೇರ್ಪಡಿಸಲಾಗದ ಸ್ಥಿತಿ ಹಲವು ರಾಜ್ಯಗಳಲ್ಲಿತ್ತು. ಆದ್ದರಿಂದ ಗೆರೆರೊ, ಚಿಯಾಪಾಸ್, ಚಿವಾವಾ, ಹಲಿಸ್ಕೋ ಎಂಬ ನಾಲ್ಕು ರಾಜ್ಯಗಳಿಗೆ ಬಂದೂಕು ಹೋಗಕೂಡದು ಎಂಬುದು ಜರ್ಮನ್ ಸರ್ಕಾರದ ನಿಲುವಾಗಿತ್ತು. ಯಾವ ಬಂದೂಕು ಯಾವ ರಾಜ್ಯದ ಪೊಲೀಸರಿಗೆ ಎಂದು ಖರೀದಿದಾರ ಬರೆದುಕೊಡುವ ಒಂದು ಕಾಗದ ಇರುತ್ತದೆ. ಅಂತಿಮ ಬಳಕೆದಾರರ ದೃಢೀಕರಣ ಪತ್ರ ಎಂದು ಕರೆಯಿರಿ. ಆಕ್ಷೇಪ ಬಂದ ರಾಜ್ಯದ ಹೆಸರು ಅದರಿಂದ ಮಾಯವಾಗಿ, ಆಕ್ಷೇಪವಿಲ್ಲದ ರಾಜ್ಯದ ಹೆಸರು ಹೊತ್ತ ಇನ್ನೊಂದು ಪತ್ರ ಬಂತು. ಪರವಾನಗಿ ಸಿಕ್ಕಿತು. ಬಂದೂಕುಗಳು ಹೋಗಬಾರದ ಕಡೆಗೇ ಹೋದವು. ನ್ಯಾಯಾಲಯ ಕೊನೆಗೆ ಲೆಕ್ಕ ಹಾಕಿದ್ದು 4,200ಕ್ಕೂ ಹೆಚ್ಚು ರೈಫಲ್‌ಗಳನ್ನು.

ಇದನ್ನು ಬಯಲಿಗೆಳೆದದ್ದು ಪೊಲೀಸರಲ್ಲ, ಗುಪ್ತಚರರಲ್ಲ. ಫ್ರೈಬುರ್ಗಿನ ಒಬ್ಬ ಶಾಲಾ ಮಾಸ್ತರು. ಯುರ್ಗನ್ ಗ್ರೇಸ್‌ಲಿನ್ ಎಂದು ಅವರ ಹೆಸರು. ದಶಕಗಳಿಂದ ಈ ಕಂಪನಿಯ ಬೆನ್ನು ಬಿದ್ದವರು. ಒಳಗಿನವರೊಬ್ಬರು ಕೊಟ್ಟ ಮಾಹಿತಿ ಹಿಡಿದು, ವಕೀಲರ ಜೊತೆ ಸೇರಿ 2010ರಲ್ಲಿ ದೂರು ಕೊಟ್ಟರು. ವಿಚಾರಣೆ ಶುರುವಾದದ್ದು 2018ರ ಮೇ ತಿಂಗಳಲ್ಲಿ. ಎಂಟು ವರ್ಷ! ನಮ್ಮ ದೇಶದ ಕೋರ್ಟುಗಳನ್ನು ಬೈಯುವಾಗ ಇದನ್ನೂ ಒಮ್ಮೆ ನೆನೆಸಿಕೊಳ್ಳಿ. ನಡುವೆ ಗ್ರೇಸ್‌ಲಿನ್ ಮತ್ತು ಸಿನಿಮಾ ನಿರ್ದೇಶಕ ಡಾನಿಯೆಲ್ ಹಾರಿಷ್ ಇದೇ ಪ್ರಕರಣದ ಕಡತಗಳನ್ನು ಆಧರಿಸಿ ಪುಸ್ತಕ ತಂದಾಗ, ಗೋಪ್ಯ ದಾಖಲೆ ಪ್ರಕಟಿಸಿದಿರಿ ಎಂದು ಅವರ ಮೇಲೆಯೇ ತನಿಖೆ ನಡೆಯಿತು. ಆಮೇಲೆ ಅದನ್ನು ಕೈಬಿಟ್ಟರು. ದೂರು ಕೊಟ್ಟವನನ್ನೇ ಠಾಣೆಯಲ್ಲಿ ಕೂರಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆವಲ್ಲ.

2019ರ ಫೆಬ್ರುವರಿ 21ರಂದು ಸ್ಟುಟ್‌ಗಾರ್ಟ್ ನ್ಯಾಯಾಲಯದ ತೀರ್ಪು ಬಂತು. ಮಾರಾಟ ವಿಭಾಗದ ಒಬ್ಬ ಮಾಜಿ ಮುಖ್ಯಸ್ಥನಿಗೆ 22 ತಿಂಗಳು, ಕಚೇರಿ ಕೆಲಸದ ಒಬ್ಬ ಮಾಜಿ ಉದ್ಯೋಗಿಗೆ 17 ತಿಂಗಳು, ಎರಡೂ ಅಮಾನತಿನಲ್ಲಿಟ್ಟ ಶಿಕ್ಷೆ. ಎಂದರೆ ಇಬ್ಬರೂ ಜೈಲಿನ ಬಾಗಿಲು ನೋಡಲಿಲ್ಲ. ಕಟಕಟೆಯಲ್ಲಿದ್ದ ಇನ್ನು ಮೂವರು ಖುಲಾಸೆ. ಅವರಲ್ಲಿ ಕಂಪನಿಯ ಮಾಜಿ ಆಡಳಿತ ನಿರ್ದೇಶಕರೂ ಇದ್ದರು. ಕಂಪನಿ 37 ಲಕ್ಷ ಯುರೋ ಕಟ್ಟಬೇಕು ಎಂದಾಯಿತು. 2021ರ ಮಾರ್ಚ್ 30ರಂದು ಕಾರ್ಲ್ಸ್‌ರೂಹೆಯ ಸರ್ವೋಚ್ಚ ನ್ಯಾಯಪೀಠವೂ ಮುಖ್ಯಾಂಶಗಳಲ್ಲಿ ಈ ತೀರ್ಪನ್ನು ಎತ್ತಿಹಿಡಿದು, ಕಂಪನಿ 30 ಲಕ್ಷ ಯುರೋಗೂ ಹೆಚ್ಚು ಕಳೆದುಕೊಳ್ಳುವುದನ್ನು ಖಾಯಂ ಮಾಡಿತು.

ಸುದ್ದಿ ಅಲ್ಲಿಗೆ ಮುಗಿಯಿತು ಎಂದು ಪತ್ರಿಕೆಗಳು ಮುಂದಕ್ಕೆ ಹೋದವು. ಆದರೆ ತೀರ್ಪಿನ ಹೊಟ್ಟೆಯೊಳಗಿದ್ದ ಒಂದು ಮಾತನ್ನು ನೀವು ಗಮನಿಸಬೇಕು. ನಾನು ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ.

ಬಂದೂಕು ಎಲ್ಲಿ ಉಳಿಯಬೇಕು ಎಂದು ಹೇಳುವ ಆ ದೃಢೀಕರಣ ಪತ್ರ ರಫ್ತು ಪರವಾನಗಿಯ ಭಾಗವೇ ಅಲ್ಲ ಎಂದಿತು ನ್ಯಾಯಾಲಯ. ಆದ್ದರಿಂದ ರೈಫಲ್ ಗೆರೆರೊಗೆ ಹೋದದ್ದು ಪರವಾನಗಿ ಇಲ್ಲದೆ ಹೋದಂತೆ ಅಲ್ಲ. ಅಪರಾಧ ಯಾವುದೆಂದರೆ, ಸುಳ್ಳು ಕಾಗದ ತೋರಿಸಿ ಪರವಾನಗಿ ಗಿಟ್ಟಿಸಿಕೊಂಡದ್ದು. ವಿದೇಶ ವ್ಯಾಪಾರ ಕಾಯ್ದೆಯಲ್ಲಿ ಇದಕ್ಕೆ ಶಿಕ್ಷೆ ಇದೆ. 1961ರ ಯುದ್ಧಾಸ್ತ್ರ ನಿಯಂತ್ರಣ ಕಾಯ್ದೆ ಇದಕ್ಕಿಂತ ಬಿಗಿಯಾದದ್ದು. ಬಂದೂಕಿನಂಥ ವಸ್ತುವಿಗೆಂದೇ ಮಾಡಿದ್ದು. ಆ ಕಾಯ್ದೆಯಲ್ಲಿ ಮೋಸದಿಂದ ಪಡೆದ ಪರವಾನಗಿಯ ಬಗ್ಗೆ ಅಂಥ ಒಂದು ಸಾಲೇ ಇಲ್ಲ. ಯುದ್ಧಕ್ಕಾಗಿ ಮಾಡಿದ ಅಸ್ತ್ರಗಳ ತಯಾರಿ, ಸಾಗಣೆ, ವ್ಯಾಪಾರಕ್ಕೆ ಕೇಂದ್ರ ಸರ್ಕಾರದ ಅಪ್ಪಣೆ ಬೇಕೇ ಬೇಕು ಎಂದು ಜರ್ಮನ್ ಸಂವಿಧಾನದ 26ನೇ ವಿಧಿ ಹೇಳುತ್ತದೆ. ಹಿಟ್ಲರನ ಕಾಲ ಕಂಡವರು ಬರೆದ ವಿಧಿ ಅದು. ಅಪ್ಪಣೆ ಬೇಕು, ನಿಜ. ಅಪ್ಪಣೆಗೆ ಆಧಾರವಾದ ಕಾಗದ ಮಾತ್ರ ಅಪ್ಪಣೆಯ ಒಳಗೆ ಬರುವುದಿಲ್ಲ!

ಇನ್ನೊಂದು ಪ್ರಕರಣವನ್ನು ಬೇಗ ಹೇಳಿಬಿಡುತ್ತೇನೆ. ಉತ್ತರದ ಎಕರ್ನ್‌ಫ್ಯೋರ್ಡೆಯಲ್ಲಿದ್ದ ಸಿಗ್ ಸಾವರ್ ಕಾರ್ಖಾನೆಯ ಪಿಸ್ತೂಲುಗಳು ಅಮೆರಿಕಕ್ಕೆಂದು ಹೊರಟವು. 38,000ಕ್ಕೂ ಹೆಚ್ಚು ಪಿಸ್ತೂಲುಗಳು ಅಲ್ಲಿಂದ ಕೊಲಂಬಿಯಾ ಪೊಲೀಸರ ಕೈ ಸೇರಿದವು. ಆ ದೇಶದಲ್ಲಿ ಆಗ ಅರ್ಧ ಶತಮಾನದ ಅಂತರ್ಯುದ್ಧ ಇನ್ನೂ ನಡೆದೇ ಇತ್ತು. 2019ರ ಏಪ್ರಿಲ್‌ನಲ್ಲಿ ಕೀಲ್ ನಗರದ ನ್ಯಾಯಾಲಯ ಮೂವರು ವ್ಯವಸ್ಥಾಪಕರಿಗೆ ಶಿಕ್ಷೆ ವಿಧಿಸಿತು, 1 ಕೋಟಿ 10 ಲಕ್ಷ ಯುರೋ ಜಪ್ತಿಗೆ ಆಜ್ಞೆ ಮಾಡಿತು. ಜೈಲು ಶಿಕ್ಷೆ ಇಲ್ಲೂ ಅಮಾನತಿನಲ್ಲಿ.

ಮ್ಯೂನಿಕ್‌ನವರಿಗೆ 2016ರ ಜುಲೈ 22ರ ಸಂಜೆಯನ್ನು ನೆನಪು ಮಾಡಬೇಕಾಗಿಲ್ಲ. ಒಲಿಂಪಿಯಾ ಶಾಪಿಂಗ್ ಸೆಂಟರಿನ ಬಳಿ ಒಂಬತ್ತು ಜನರನ್ನು ಕೊಂದ ಹುಡುಗನಿಗೆ ಪಿಸ್ತೂಲು ಸಿಕ್ಕಿದ್ದು ಡಾರ್ಕ್‌ನೆಟ್ಟಿನಲ್ಲಿ. ಮಾರಿದವನಿಗೆ 2018ರ ಜನವರಿಯಲ್ಲಿ ಏಳು ವರ್ಷ ಜೈಲಾಯಿತು. ಸರಿಯಾದದ್ದೇ. ಕದ್ದುಮುಚ್ಚಿ ಪಿಸ್ತೂಲು ಮಾರಿದವನಿಗೆ ಏಳು ವರ್ಷ. ಸಾವಿರಾರು ರೈಫಲ್‌ಗಳನ್ನು ಮೊಹರು ಹಾಕಿಸಿ ಕಳಿಸಿದವರಿಗೆ ಮನೆಗೆ ಹೋಗುವ ಶಿಕ್ಷೆ. ಎರಡು ಪ್ರಕರಣಗಳ ಕಲಮುಗಳು ಬೇರೆ, ಸಾಕ್ಷ್ಯ ಬೇರೆ ಎಂದು ವಕೀಲರು ಹೇಳುತ್ತಾರೆ, ಒಪ್ಪುತ್ತೇನೆ. ಆ ಕಲಮುಗಳೇ ಸರಿಯಿಲ್ಲ ಎನ್ನುವುದು ನನ್ನ ವಾದ.

ಮೆಕ್ಸಿಕೋಗೆ ಹೋದ ಆ ರೈಫಲ್‌ಗಳು ಏನು ಮಾಡಿದವು? 2014ರ ಸೆಪ್ಟೆಂಬರ್ 26ರ ರಾತ್ರಿ ಗೆರೆರೊ ರಾಜ್ಯದ ಇಗುವಾಲಾ ಪಟ್ಟಣದಲ್ಲಿ ಅಯೊತ್ಸಿನಾಪದ ಗ್ರಾಮೀಣ ಶಿಕ್ಷಕರ ತರಬೇತಿ ಕಾಲೇಜಿನ ಹುಡುಗರಿದ್ದ ಬಸ್ಸುಗಳನ್ನು ಪೊಲೀಸರು ಅಡ್ಡಗಟ್ಟಿ ಗುಂಡು ಹಾರಿಸಿದರು. ಆ ರಾತ್ರಿ ಆರು ಜನ ಸತ್ತರು. 43 ಹುಡುಗರನ್ನು ಹಿಡಿದುಕೊಂಡು ಹೋದರು. ಮಾದಕವಸ್ತು ಗುಂಪಿಗೆ ಒಪ್ಪಿಸಿದರು ಎಂದು ತನಿಖೆ ಹೇಳುತ್ತದೆ. ಇಂದಿನವರೆಗೆ ಗುರುತು ಸಿಕ್ಕಿರುವುದು ಮೂವರ ಅಸ್ಥಿಯ ಚೂರುಗಳಿಗೆ ಮಾತ್ರ. 2022ರಲ್ಲಿ ಮೆಕ್ಸಿಕೋದ ಸತ್ಯ ಆಯೋಗ ಇದು ಪ್ರಭುತ್ವವೇ ಎಸಗಿದ ಅಪರಾಧ ಎಂದಿತು. ಇಗುವಾಲಾ ಪೊಲೀಸರ ಶಸ್ತ್ರಾಗಾರದಲ್ಲಿ ಸಿಕ್ಕ ಬಂದೂಕುಗಳಲ್ಲಿ ಓಬರ್ನ್‌ಡಾರ್ಫಿನ ಜಿ36ಗಳಿದ್ದವು.

ಆ ಹುಡುಗರು ಯಾರೆಂದು ಯೋಚಿಸಿ. ಬಡ ರೈತರ ಮಕ್ಕಳು. ಓದಿ ಹಳ್ಳಿ ಶಾಲೆಯ ಮೇಷ್ಟ್ರಾಗಬೇಕಿದ್ದವರು. ನಮ್ಮಲ್ಲಿ ಹಾವೇರಿಯಲ್ಲೋ ಕೊಪ್ಪಳದಲ್ಲೋ ಟಿಸಿಎಚ್ ಓದಿ ಮೇಷ್ಟ್ರಾದ ಅಪ್ಪ, ಚಿಕ್ಕಪ್ಪ, ಸೋದರಮಾವ ಇಲ್ಲದ ಮನೆ ನಿಮ್ಮ ಬಳಗದಲ್ಲಿ ಎಷ್ಟಿದೆ? ಸ್ಟುಟ್‌ಗಾರ್ಟಿನ ಮೊಕದ್ದಮೆಯಲ್ಲಿ ಇವರ ಹೆಸರುಗಳು ವಿಷಯವೇ ಆಗಲಿಲ್ಲ. ಅಲ್ಲಿ ನಡೆದದ್ದು ವಿದೇಶ ವ್ಯಾಪಾರದ ವಿಚಾರಣೆ. ಯಾವ ಗುಂಡು ಯಾರಿಗೆ ತಾಗಿತು ಎಂಬ ಪ್ರಶ್ನೆಗೆ ಆ ಕಾಯ್ದೆಯಲ್ಲಿ ಜಾಗವಿಲ್ಲ.

ಕಾನೂನುಬದ್ಧ ವ್ಯಾಪಾರ ಸ್ವಚ್ಛ, ಅಕ್ರಮ ವ್ಯಾಪಾರ ಮಾತ್ರ ಕೊಳಕು ಎಂದು ನಾನು ಹೇಳುತ್ತಿಲ್ಲ. ಎರಡರ ನಡುವಿನ ಗೋಡೆ ತೆಳ್ಳಗಿದೆ. ಜಿ3 ರೈಫಲ್ ತಯಾರಿಸುವ ಲೈಸೆನ್ಸನ್ನು ಜರ್ಮನಿ ಹತ್ತಾರು ದೇಶಗಳಿಗೆ ಕೊಟ್ಟಿತ್ತು: ಟರ್ಕಿ, ಇರಾನ್, ಸೌದಿ ಅರೇಬಿಯಾ, ಪಾಕಿಸ್ತಾನ. ಪಾಕಿಸ್ತಾನದ ವಾಹ್ ಕಾರ್ಖಾನೆಯಲ್ಲಿ ತಯಾರಾದ ಜಿ3 ಅಲ್ಲಿನ ಸೇನೆಯ ಮುಖ್ಯ ರೈಫಲ್ ಆಗಿತ್ತು. 1999ರಲ್ಲಿ ಕಾರ್ಗಿಲ್ ಬೆಟ್ಟ ಹತ್ತಿದ ನಮ್ಮ ಕೊಡಗಿನ, ಬೆಳಗಾವಿಯ ಹುಡುಗರಿಗೆ ಎದುರಾದದ್ದು ಈ ನೆಕರ್ ಕಣಿವೆಯ ಡ್ರಾಯಿಂಗಿನಿಂದ ಹುಟ್ಟಿದ ಬಂದೂಕು. ಒಂದು ಪೈಸೆಯ ಕಳ್ಳತನವೂ ಅದರಲ್ಲಿರಲಿಲ್ಲ. ಬಂದೂಕಿನ ಆಯುಸ್ಸು ದೊಡ್ಡದು. ಕೊಟ್ಟ ಸರ್ಕಾರ, ಕೊಂಡ ಸರ್ಕಾರ ಎರಡೂ ಬಿದ್ದುಹೋದ ಮೇಲೂ ಅದು ಸುಡುತ್ತದೆ. ಈಜಿಪ್ಟಿಗೆ ಹೋಗಿದ್ದ ಜಿ36ಗಳು 2011ರಲ್ಲಿ ತ್ರಿಪೋಲಿಯ ಗಡಾಫಿ ಕೋಟೆಯಲ್ಲಿ ಸಿಕ್ಕವು. ಜಾರ್ಜಿಯಾಕ್ಕೆ ಕೊಡುವುದಿಲ್ಲ ಎಂದು ಜರ್ಮನಿ ಹೇಳಿತ್ತು; 2008ರ ಯುದ್ಧದಲ್ಲಿ ಅಲ್ಲಿನ ಯೋಧರ ಹೆಗಲ ಮೇಲೆ ಅವೇ ಕಂಡವು. ಐಸಿಸ್ ವಿರುದ್ಧ ಕಾದಾಡಲು 2014ರಿಂದ ಕುರ್ದಿಷ್ ಪೇಶ್‌ಮರ್ಗಾ ಪಡೆಗೆ ಬರ್ಲಿನ್ ಕೊಟ್ಟ ರೈಫಲ್, ಪಿಸ್ತೂಲುಗಳು 2016ರ ಹೊತ್ತಿಗೆ ಉತ್ತರ ಇರಾಕಿನ ಸಂತೆಗಳಲ್ಲಿ ಬಿಕರಿಗಿದ್ದುದನ್ನು ಜರ್ಮನ್ ಟೀವಿಯವರೇ ತೋರಿಸಿದರು. ಸಂಬಳ ಸಿಗದ ಯೋಧ ಇನ್ನೇನು ಮಾಡಿಯಾನು?

ಇಷ್ಟು ಓದಿ, ನಮ್ಮವರು ಪರಿಶುದ್ಧರು, ಜರ್ಮನರು ಕೆಟ್ಟವರು ಎಂಬ ತೀರ್ಮಾನಕ್ಕೆ ಬರಬೇಡಿ. ಒಂದು ಹಳೆಯ ಕತೆ ಹೇಳುತ್ತೇನೆ. 1914ರ ಆಗಸ್ಟ್ 26ರಂದು ಕಲ್ಕತ್ತದ ರೊಡ್ಡಾ ಎಂಬ ಬಂದೂಕಿನಂಗಡಿಗೆ ಬಂದ ಸರಕನ್ನು ಕಸ್ಟಮ್ಸ್‌ನಿಂದ ಎತ್ತಿನ ಗಾಡಿಗಳಲ್ಲಿ ಸಾಗಿಸುತ್ತಿದ್ದಾಗ ಒಂದು ಗಾಡಿ ದಾರಿ ತಪ್ಪಿಸಿ ಮಾಯವಾಯಿತು. ಅದರಲ್ಲಿದ್ದದ್ದು 50 ಮೌಸರ್ ಪಿಸ್ತೂಲು, 46,000 ಗುಂಡು. ಮೌಸರ್ ಎಂದರೆ ಇದೇ ಓಬರ್ನ್‌ಡಾರ್ಫ್. ಬಂಗಾಳದ ಕ್ರಾಂತಿಕಾರಿಗಳು ಅವನ್ನು ಹಂಚಿಕೊಂಡರು. 1915ರಲ್ಲಿ ಬಾಲಾಸೋರಿನಲ್ಲಿ ಬಾಘಾ ಜತಿನ್ ಕೊನೆಯ ಕಾಳಗ ಮಾಡಿದ್ದು ಮೌಸರ್ ಹಿಡಿದೇ. ಅದೇ ವರ್ಷ ಇನ್ನೊಂದು ಯತ್ನ ನಡೆಯಿತು. ಬರ್ಲಿನ್ನಿನ ಹಣದಲ್ಲಿ, ಕ್ರುಪ್ ಕಂಪನಿಯ ಅಮೆರಿಕದ ಏಜೆಂಟನ ಮೂಲಕ ಸುಮಾರು 8,000 ರೈಫಲ್, 40 ಲಕ್ಷ ಗುಂಡು ಕೊಂಡು, ಗದರ್ ಪಕ್ಷದ ದಂಗೆಗೆಂದು ಆನಿ ಲಾರ್ಸೆನ್ ಎಂಬ ಹಾಯಿಹಡಗಿಗೆ ತುಂಬಿದರು. ಹಡಗು ಕೊನೆಗೆ ವಾಷಿಂಗ್ಟನ್ ರಾಜ್ಯದ ಬಂದರಿನಲ್ಲಿ ಸಿಕ್ಕಿಬಿತ್ತು. ಆ ಹಡಗಿನ ಕಾಗದಪತ್ರದಲ್ಲಿ ಸರಕು ಎಲ್ಲಿಗೆಂದು ಬರೆದಿತ್ತು ಗೊತ್ತೇ? ಮೆಕ್ಸಿಕೋಗೆ. ಆಗ ಕಾಗದದಲ್ಲಿ ಮೆಕ್ಸಿಕೋ, ನಿಜದಲ್ಲಿ ಭಾರತ. ತೊಂಬತ್ತು ವರ್ಷದ ನಂತರ ಕಾಗದದಲ್ಲಿ ಮೆಕ್ಸಿಕೋದ ಒಂದು ರಾಜ್ಯ, ನಿಜದಲ್ಲಿ ಇನ್ನೊಂದು. ತಂತ್ರ ಅದೇ.

ಬಾಘಾ ಜತಿನ್‌ನನ್ನು ಇಗುವಾಲಾದ ಪೊಲೀಸರ ಪಕ್ಕ ನಿಲ್ಲಿಸುವ ಪಾಪ ನಾನು ಮಾಡಲಾರೆ. ಆದರೆ ಸರಬರಾಜು ಮಾಡಿದವರಿಗೆ ನಮ್ಮ ಸ್ವಾತಂತ್ರ್ಯದ ಮೇಲೆ ಪ್ರೀತಿ ಇತ್ತು ಎಂದೂ ನಂಬಲಾರೆ. ಕೈಸರನಿಗೆ ಬೇಕಿದ್ದದ್ದು ಬ್ರಿಟಿಷರ ಬೆನ್ನಿಗೆ ಒಂದು ಬೆಂಕಿ. ಪ್ರಾದೇಶಿಕ ಸಂಘರ್ಷಗಳಿಗೆ ಹೊರಗಿನಿಂದ ಬಂದೂಕು ಬರುವುದು ಹೆಚ್ಚಾಗಿ ಹೀಗೆಯೇ, ಹೊರಗಿನವರ ಲೆಕ್ಕಾಚಾರಕ್ಕೆ.

ಈಗ ನಮಗೇನು ಸಂಬಂಧ ಎಂಬ ಪ್ರಶ್ನೆಗೆ ಬರೋಣ. ಈ ಕಣಿವೆಗೂ ಕನ್ನಡಕ್ಕೂ ನಂಟು ಹೊಸದಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ವ್ಯೂರ್ಟೆಂಬರ್ಗಿನವರು, ಹುಟ್ಟಿದ್ದು ಓಬರ್ನ್‌ಡಾರ್ಫಿನ ಕಾರ್ಖಾನೆ ಹುಟ್ಟಿದ ವರ್ಷವೇ, 1811ರಲ್ಲಿ. ಓದಿದ್ದು ಟ್ಯೂಬಿಂಗನ್ನಿನಲ್ಲಿ, ತೀರಿಕೊಂಡದ್ದು ಎಸ್‌ಲಿಂಗನ್ನಿನಲ್ಲಿ. ನಿಘಂಟಿನ ಕಿಟೆಲ್ ಕೂಡ ಕೊನೆಯ ದಿನಗಳನ್ನು ಕಳೆದದ್ದು ಟ್ಯೂಬಿಂಗನ್ನಿನಲ್ಲಿ, ಅದೇ ನೆಕರ್ ದಂಡೆಯ ಮೇಲೆ, ಬಂದೂಕಿನ ಊರಿಗಿಂತ ನದಿಯಲ್ಲಿ ಒಂದಿಷ್ಟು ಕೆಳಗೆ. ಪ್ರತಿ ರಾಜ್ಯೋತ್ಸವದಲ್ಲೂ ನಮ್ಮ ವೇದಿಕೆಗಳು ಈ ಇಬ್ಬರ ಹೆಸರು ಹೇಳಿ ಚಪ್ಪಾಳೆ ಹೊಡೆಸುತ್ತವೆ. ಕೆಳದಂಡೆಯ ನೆಂಟಸ್ತನ ಬೇಕು, ಮೇಲ್ದಂಡೆಯದು ನಮಗೆ ಗೊತ್ತಿಲ್ಲ ಎನ್ನುವುದು ಹೇಗೆ?

ಅದಕ್ಕಿಂತ ಹತ್ತಿರದ ಸಂಬಂಧ ನಿಮ್ಮ ಕೆಲಸದ್ದು. ಇಲ್ಲಿನ ದೊಡ್ಡ ಕಂಪನಿಗಳಲ್ಲಿ ದುಡಿಯುವ ನಿಮಗೆ ರಫ್ತು ನಿಯಂತ್ರಣದ ಆನ್‌ಲೈನ್ ಪಾಠ ಗೊತ್ತಿದೆ. ಕಾಫಿ ಕುಡಿಯುತ್ತ ಮುಂದೆ, ಮುಂದೆ ಎಂದು ಒತ್ತಿ, ಕೊನೆಯ ಹತ್ತು ಪ್ರಶ್ನೆಗೆ ಉತ್ತರ ಗುರುತಿಸಿ ಸರ್ಟಿಫಿಕೇಟ್ ಇಳಿಸಿಕೊಳ್ಳುವ ಪಾಠ. ಒಂದು ಡ್ರಾಯಿಂಗನ್ನು ಬೆಂಗಳೂರಿನ ತಂಡಕ್ಕೆ ಇ-ಮೇಲ್ ಮಾಡಿದರೂ ಅದು ರಫ್ತೇ ಎಂದು ಆ ಪಾಠ ಹೇಳಿಕೊಡುತ್ತದೆ. ನಾಗರಿಕ, ಮಿಲಿಟರಿ ಎರಡೂ ಕಡೆಗೆ ಬಳಸಬಹುದಾದ ವಸ್ತುವಾದರೆ ಎಶ್‌ಬೋರ್ನಿನ ಬಾಫಾ ಎಂಬ ರಫ್ತು ನಿಯಂತ್ರಣ ಕಚೇರಿಯ ಅನುಮತಿ ಬೇಕು, ಕೊಳ್ಳುವವನಿಂದ ಅಂತಿಮ ಬಳಕೆಯ ಪತ್ರ ಬೇಕು. ಫ್ರಾಂಕ್‌ಫರ್ಟ್ ಬಳಗದವರಲ್ಲಿ ಎಶ್‌ಬೋರ್ನಿನಲ್ಲೇ ಮನೆ ಮಾಡಿಕೊಂಡವರಿದ್ದೀರಿ. ಆ ಕಟ್ಟಡದ ಮುಂದೆ ದಿನವೂ ಓಡಾಡುತ್ತೀರಿ. ಒಂದು ಸೆನ್ಸರಿಗೆ, ಒಂದು ಪಂಪಿಗೆ ಬೇಕಾದ ಈ ಕಾಗದವನ್ನು ತುಂಬಿದವರು, ತಿದ್ದಿದವರು, ಕಡತಕ್ಕೆ ಸೇರಿಸಿದವರು ನಮ್ಮಲ್ಲಿ ಬಹಳ ಜನ. ಕಾರಿನ ಒಂದು ಬ್ರೇಕ್ ಕೆಟ್ಟರೆ ಅದರ ಬ್ಯಾಚ್ ಸಂಖ್ಯೆ ಹಿಡಿದು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ವಾಪಸ್ ಕರೆಸುವ ವ್ಯವಸ್ಥೆಯನ್ನು ಕಟ್ಟುವವರು ನೀವೇ. ಪ್ರತಿ ರೈಫಲ್ ಮೇಲೂ ಸಂಖ್ಯೆ ಕೊರೆದಿರುತ್ತದೆ. ಅದು ಎಲ್ಲಿದೆ ಎಂದು ತಿಳಿಯಲಾಗದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಿಳಿಯುವ ಇಚ್ಛೆ ಇಲ್ಲ, ಅಷ್ಟೆ.

ಆ ತೀರ್ಪಿನಲ್ಲಿ ಶಿಕ್ಷೆಯಾದದ್ದು ಯಾರಿಗೆ ಎಂಬುದನ್ನೂ ಇನ್ನೊಮ್ಮೆ ನೋಡಿ. ಮಾರಾಟದ ಒಬ್ಬ ಅಧಿಕಾರಿಗೆ, ಕಾಗದ ಓಡಾಡಿಸುತ್ತಿದ್ದ ಒಬ್ಬ ನೌಕರಳಿಗೆ. ಆಡಳಿತ ಮಂಡಳಿಯಲ್ಲಿ ಕೂತವರಿಗಲ್ಲ. ಜರ್ಮನಿಯಲ್ಲಿ ಕಂಪನಿಯನ್ನೇ ಕ್ರಿಮಿನಲ್ ಆರೋಪಿಯಾಗಿ ನಿಲ್ಲಿಸುವ ಕಾನೂನು ಇಲ್ಲ. ಅಂಥದ್ದೊಂದು ಕರಡು 2020ರಲ್ಲಿ ತಯಾರಾಗಿ ಮರುವರ್ಷವೇ ಮಣ್ಣುಪಾಲಾಯಿತು. ನಾವು, ನೀವು ಹೆಚ್ಚಿನವರು ಇರುವುದು ಆ ನಡುವಿನ ಮೇಜುಗಳಲ್ಲೇ.

ನೀವು ಎತ್ತಬಹುದಾದ ಆಕ್ಷೇಪಗಳು ನನಗೆ ಗೊತ್ತು. ಯುಕ್ರೇನ್ ಕಣ್ಣ ಮುಂದಿರುವಾಗ ಬಂದೂಕು ಮಾರಬೇಡಿ ಎನ್ನುವುದು ಯಾವ ನ್ಯಾಯ? ನಾನು ಹಾಗೆನ್ನುತ್ತಿಲ್ಲ. 2024ರಲ್ಲಿ ಜರ್ಮನಿ 1,300 ಕೋಟಿ ಯುರೋಗೂ ಮೀರಿದ ಶಸ್ತ್ರಾಸ್ತ್ರ ರಫ್ತಿಗೆ ಅನುಮತಿ ಕೊಟ್ಟಿತು, ಅದರಲ್ಲಿ ಅರ್ಧಕ್ಕೂ ಹೆಚ್ಚು ಯುಕ್ರೇನಿಗೆ. ಆಕ್ರಮಣಕ್ಕೆ ಒಳಗಾದವರಿಗೆ ಕೊಡಲಿ. ಇಷ್ಟು ದೊಡ್ಡ ಪ್ರಮಾಣದಲ್ಲಿ ಕೊಡುವಾಗ ಲೆಕ್ಕ ಇನ್ನೂ ಬಿಗಿಯಾಗಿರಬೇಕು, ಯಾಕೆಂದರೆ ಆ ಯುದ್ಧವೂ ಒಂದು ದಿನ ಮುಗಿಯುತ್ತದೆ, ಬಂದೂಕುಗಳು ಉಳಿಯುತ್ತವೆ. 1990ರ ದಶಕದ ಯುಗೋಸ್ಲಾವಿಯಾ ಯುದ್ಧದ ಬಂದೂಕುಗಳು ಇಂದಿಗೂ ಯುರೋಪಿನ ಊರುಗಳಲ್ಲಿ ಸಿಗುತ್ತಿವೆ. ಇನ್ನು, ನಾವು ಮಾರದಿದ್ದರೆ ಬೇರೆಯವರು ಮಾರುತ್ತಾರೆ ಎಂಬ ಮಾತು. ಲಂಚದ ವಿಷಯದಲ್ಲಿ ಇದೇ ವಾದವನ್ನು ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಕೇಳಿ ಕೇಳಿ ಸಾಕಾಗಿಯೇ ನಮ್ಮಲ್ಲಿ ಕೆಲವರು ದೇಶ ಬಿಟ್ಟದ್ದು.

ಭಾರತವನ್ನು ಬಿಟ್ಟು ಮಾತಾಡುವುದು ಪ್ರಾಮಾಣಿಕತೆಯಲ್ಲ. ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದ 2014ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಜರ್ಮನಿ ಸೇರಿದೆ, ಭಾರತ 2013ರ ಮತದಾನದಲ್ಲಿ ತಟಸ್ಥವಾಗಿ ಉಳಿಯಿತು, ಇಂದಿಗೂ ಸೇರಿಲ್ಲ. ಕೊಳ್ಳುವ ದೇಶಗಳ ಕೈ ಕಟ್ಟಿಹಾಕುವ ಒಪ್ಪಂದ ಎಂಬುದು ದೆಹಲಿಯ ದೂರು, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಈಗ ನಾವೂ ಮಾರುವವರು. 2023-24ರಲ್ಲಿ ಭಾರತದ ರಕ್ಷಣಾ ರಫ್ತು 21,000 ಕೋಟಿ ರೂಪಾಯಿ ದಾಟಿತು. ಬೆಂಗಳೂರು ಅದರ ಒಂದು ದೊಡ್ಡ ಕೇಂದ್ರ. ನಾಳೆ ನಮ್ಮ ಮಾಲು ಯಾವ ಗೆರೆರೊಗೆ ಹೋಗುತ್ತದೆ ಎಂದು ಕೇಳುವ ಅಭ್ಯಾಸ ಇವತ್ತೇ ಆಗಬೇಕು.

ಒಂದು ಒಳ್ಳೆಯ ಸುದ್ದಿಯೂ ಭಾರತದ ಮೂಲಕವೇ ಹಾದುಹೋಗುತ್ತದೆ. ಮೆಕ್ಸಿಕೋ ಪ್ರಕರಣದಿಂದ ಮುಖ ಕೆಡಿಸಿಕೊಂಡ ಜರ್ಮನಿ, ಮಾರಿದ ಬಂದೂಕು ಹೇಳಿದ ಜಾಗದಲ್ಲೇ ಇದೆಯೇ ಎಂದು ಸ್ವತಃ ಹೋಗಿ ನೋಡುವ ಪದ್ಧತಿಯನ್ನು 2015ರಲ್ಲಿ ಒಪ್ಪಿಕೊಂಡಿತು. ಅಂಥ ಮೊದಲ ತಪಾಸಣೆ ನಡೆದದ್ದು 2017ರ ಮೇ ತಿಂಗಳಲ್ಲಿ, ಭಾರತದಲ್ಲಿ. ನಮ್ಮ ಸರ್ಕಾರ ಬಾಗಿಲು ತೆರೆಯಿತು, ಅವರು ಬಂದೂಕು ಎಣಿಸಿದರು, ಹೋದರು. ಯಾರ ಸಾರ್ವಭೌಮತ್ವವೂ ಕರಗಲಿಲ್ಲ. ಆಗುವ ಕೆಲಸ ಅದು ಎಂದು ಅಲ್ಲಿಗೆ ಸಾಬೀತಾಯಿತು. ಆಮೇಲೆ ಇಂಥ ತಪಾಸಣೆ ನಡೆದದ್ದು ಬೆರಳೆಣಿಕೆಯ ದೇಶಗಳಲ್ಲಿ ಮಾತ್ರ.

ಜರ್ಮನಿಯ 2021ರ ಸಮ್ಮಿಶ್ರ ಸರ್ಕಾರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣಕ್ಕೆ ಹೊಸ ಕಾನೂನು ತರುತ್ತೇವೆಂದು ಒಪ್ಪಂದದಲ್ಲೇ ಬರೆದುಕೊಂಡಿತು. 2022ರ ಅಕ್ಟೋಬರಿನಲ್ಲಿ ಅದರ ಮುಖ್ಯಾಂಶಗಳೂ ಹೊರಬಂದವು. 2024ರ ನವೆಂಬರಿನಲ್ಲಿ ಸರ್ಕಾರ ಮುರಿದುಬಿತ್ತು. ಕಾನೂನು ಸಂಸತ್ತಿನ ಮೆಟ್ಟಿಲು ಹತ್ತಲೇ ಇಲ್ಲ.

ನಾವು ಅತಿಥಿಗಳು, ಇಲ್ಲಿನ ರಾಜಕೀಯ ನಮಗೇಕೆ ಎನ್ನುವವರಿಗೆ ಒಂದೇ ಮಾತು. 2024ರ ಜೂನ್ 27ರಿಂದ ಐದು ವರ್ಷದ ವಾಸಕ್ಕೆ ಪೌರತ್ವ ಸಿಗುತ್ತಿದೆ. ನಿಮ್ಮಲ್ಲಿ ಅನೇಕರು ಆಗಲೇ ನೀಲಿ ಪಾಸ್‌ಪೋರ್ಟ್ ಒಪ್ಪಿಸಿ ಕೆಂಪು ಪಾಸ್‌ಪೋರ್ಟ್ ಪಡೆದು, ಒಸಿಐ ಕಾರ್ಡ್ ಮಾಡಿಸಿಕೊಂಡಿದ್ದೀರಿ. ಮತದಾರನಾದವನು ಅತಿಥಿಯಲ್ಲ. ತೆರಿಗೆ ಕಟ್ಟುವವನಂತೂ ಮೊದಲೇ ಅಲ್ಲ.

ಕೇಳಬೇಕಾದದ್ದು ಬಹಳವಿಲ್ಲ. ಅಂತಿಮ ಬಳಕೆದಾರರ ಪತ್ರವನ್ನು ಪರವಾನಗಿಯ ಭಾಗ ಮಾಡಿ, ಅದನ್ನು ಮುರಿದರೆ ಯುದ್ಧಾಸ್ತ್ರ ಕಾಯ್ದೆಯಲ್ಲೇ ಶಿಕ್ಷೆ ಇರಲಿ. ರೈಫಲ್, ಪಿಸ್ತೂಲು ಕೊಂಡ ಯುರೋಪಿನಾಚೆಯ ಪ್ರತಿ ದೇಶದಲ್ಲೂ ತಪಾಸಣೆ ನಡೆಯಲಿ, ಅದರ ವರದಿ ಸಂಸತ್ತಿಗೆ ಬರಲಿ. ಕಂಪನಿಯೇ ತಪ್ಪು ಮಾಡಿದಾಗ ಕಂಪನಿಯೇ ಕಟಕಟೆ ಹತ್ತಲಿ. ನಿಮ್ಮ ಕ್ಷೇತ್ರದ ಸಂಸದರಿಗೆ ಇಷ್ಟನ್ನು ಒಂದು ಪುಟದಲ್ಲಿ ಬರೆದು ಕಳಿಸಿ. ಒಬ್ಬೊಬ್ಬರೇ ಬರೆಯುವುದಕ್ಕಿಂತ ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆದರೆ ಉತ್ತರ ಬರುವ ಸಂಭವ ಹೆಚ್ಚು. ಅವರು ಉತ್ತರಿಸದಿದ್ದರೂ ಚಿಂತೆಯಿಲ್ಲ: ನವೆಂಬರಿನಲ್ಲಿ ಅವರನ್ನೋ ನಗರದ ಮೇಯರನ್ನೋ ದೀಪ ಹಚ್ಚಲು ಕರೆಯುತ್ತೀರಲ್ಲ, ಶಾಲು ಹೊದಿಸಿ ಪೇಟ ತೊಡಿಸಿದ ಮೇಲೆ ವೇದಿಕೆಯ ಮೇಲೆಯೇ ಕೇಳಿ. ಕನ್ನಡಿಗರ ಮರ್ಯಾದೆಗೆ ಅದರಿಂದ ಕುಂದು ಬರುವುದಿಲ್ಲ.

ಜರ್ಮನ್ ಭಾಷೆಯಲ್ಲಿ ಅಂಥ ಪತ್ರದ ಕರಡೊಂದನ್ನು ಸಿದ್ಧ ಮಾಡಿದ್ದೇನೆ. ಬೇಕೆಂದ ಸಂಘಕ್ಕೆ ಕಳಿಸಿಕೊಡುತ್ತೇನೆ. ನಿಮ್ಮ ಹೆಸರು ಹಾಕಿಕೊಳ್ಳಿ, ಸರಿಯೆನಿಸದ ಸಾಲು ತಿದ್ದಿಕೊಳ್ಳಿ, ಅಂಚೆಗೆ ಹಾಕಿ.

ಇಂತಿ,
ನೆಕರ್ ದಂಡೆಯ ಒಬ್ಬ ಕನ್ನಡಿಗ